ಒಂದೆಲಗ, ಅರಿಸಿನ ಮತ್ತು ಸೀಸ

ಪರೀಕ್ಷೆಯ ದಿನಗಳು ಸಮೀಪಿಸಿದುವೆಂದರೆ ನಮ್ಮ ಸೀಮೆಯ ಮನೆಗಳಲ್ಲಿ ಒಂದೆಲಗಕ್ಕೆ ಬೆಲೆ ಬರುತ್ತದೆ. ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಸುತ್ತಲಿನ ತೆಂಗಿನ ತೋಟಗಳಲ್ಲಿ, ಕೊಳವೆ ಬಾವಿಯ ನೀರು ಬಂದು ಬೀಳುವ ತೊಟ್ಟಿಯ ಮಗ್ಗುಲಲ್ಲಿ, ಸದಾ ತೇವವಾಗಿರುವ ನೆಲದ ಮೇಲೆ ಈ ಪುಟ್ಟ ಗಿಡ ಹಬ್ಬಿಕೊಂಡಿರುತ್ತದೆ. ತೆಳುವಾದ ಕಡ್ಡಿ, ಕಡ್ಡಿಗೊಂದೇ ಎಲೆ. ಎಲೆ ಇಲಿಯ ಕಿವಿಯನ್ನು ಹೋಲುವುದರಿಂದ ಇದನ್ನು ಇಲಿಕಿವಿ ಎಂದೂ ಕರೆಯುವುದುಂಟು. ತುಳುನಾಡಿನಲ್ಲಿ ಇದೇ ತಿಮರೆ. ಹಿಡಿಯಷ್ಟು ಎಲೆಯನ್ನು ಅರೆದು ಚಟ್ನಿ ಮಾಡಿ ಬಡಿಸಿದರೆ ಓದುವ ಮಕ್ಕಳ ನೆನಪು ಚುರುಕಾಗುವುದೆಂಬುದು ಹಿರಿಯರ ನಂಬಿಕೆ.

ಈಚಿನ ವರ್ಷಗಳಲ್ಲಿ ಈ ಹಳೆಯ ನಂಬಿಕೆಯ ಜೊತೆಗೆ ಹೊಸದೊಂದು ಮಾತು ಕೇಳಿಬರುತ್ತಿದೆ. ಒಂದೆಲಗ, ಅರಿಸಿನ, ಬೆಳ್ಳುಳ್ಳಿ ಮೊದಲಾದುವುಗಳಲ್ಲಿರುವ ಕೆಲವು ಸಂಯುಕ್ತಗಳು ಸೀಸ, ಪಾದರಸ, ಕ್ಯಾಡ್ಮಿಯಂ ಮುಂತಾದ ಭಾರಲೋಹಗಳ ವಿಷದಿಂದ ಮಿದುಳನ್ನು ಕಾಪಾಡುತ್ತವೆ ಎಂಬುದೇ ಆ ಮಾತು. ಔಷಧದ ಡಬ್ಬಿಗಳ ಮೇಲೆ ಇದು ಅಚ್ಚಾಗುತ್ತಿದೆ. ತರಗತಿಯಲ್ಲಿ ವಿದ್ಯಾರ್ಥಿಗಳು ಇದನ್ನು ಕುರಿತು ಪ್ರಶ್ನಿಸುತ್ತಾರೆ. ಇದು ನಿಜವೇ? ಇಲಿಗಳ ಮಟ್ಟಿಗೆ ಬಹುಪಾಲು ನಿಜ. ಮನುಷ್ಯನ ಮಟ್ಟಿಗೆ ಎಷ್ಟು ನಿಜ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಸೊಪ್ಪುಸದೆಯ ಗೊಡವೆ ಏಕೆಂದು ವಾಚಕರು ಕೇಳಬಹುದು. ವಿಷಯದ ಬುಡಕ್ಕೆ ಹೋದರೆ ಅಲ್ಲಿ ಕಾಣುವುದು ಅಯಾನುಗಳ ಗಾತ್ರ, ಅವುಗಳ ವಿದ್ಯುದಂಶ, ಪರಮಾಣುಗಳ ತೂಕ. ಇವು ನಮ್ಮ ಮನೆಯ ಮಾತುಗಳೇ.

ಮೊದಲು ಸೀಸವನ್ನೇ ತೆಗೆದುಕೊಳ್ಳೋಣ. ಭಾರಲೋಹಗಳೊಳಗೆ ಮಕ್ಕಳ ಮಿದುಳಿಗೆ ಅತಿ ಹೆಚ್ಚು ಹಾನಿ ಮಾಡಿರುವುದು ಇದೇ. ಒಂದು ನರಕೋಶವು ಮತ್ತೊಂದಕ್ಕೆ ಸುದ್ದಿಯನ್ನು ಮುಟ್ಟಿಸಬೇಕಾದರೆ ಅದರೊಳಕ್ಕೆ ಕ್ಯಾಲ್ಸಿಯಂ ಅಯಾನುಗಳು ನುಗ್ಗಬೇಕು. ಅವು ನುಗ್ಗಿದೊಡನೆ ಕೋಶದ ತುದಿಯಿಂದ ಸುದ್ದಿವಾಹಕ ದ್ರವ್ಯ ಹೊರಬೀಳುತ್ತದೆ. ನೆನಪು ನೆಲೆಗೊಳ್ಳುವುದಕ್ಕೂ ಇದೇ ಕ್ಯಾಲ್ಸಿಯಂ ಬೇಕು. ಕ್ಯಾಲ್ಸಿಯಂ ಅಯಾನಿನ ಮೇಲೆ ಎರಡು ಧನ ವಿದ್ಯುದಂಶಗಳಿವೆ. ಅದರ ತ್ರಿಜ್ಯ ಸುಮಾರು 1.00 ಆಂಗ್‌ಸ್ಟ್ರಂ. ಸೀಸದ ಅಯಾನಿನ ಮೇಲೆಯೂ ಎರಡೇ ವಿದ್ಯುದಂಶಗಳು. ತ್ರಿಜ್ಯ ಸುಮಾರು 1.19 ಆಂಗ್‌ಸ್ಟ್ರಂ. ಪರಮಾಣುವಿನ ತೂಕದಲ್ಲಿ ಒಂದು 40, ಇನ್ನೊಂದು 207. ಆದರೆ ಜೀವಕೋಶದ ಬಾಗಿಲು ಕಾಯುವ ಪ್ರೋಟೀನು ತೂಕವನ್ನು ನೋಡುವುದಿಲ್ಲ. ಗಾತ್ರವನ್ನೂ ವಿದ್ಯುದಂಶವನ್ನೂ ನೋಡುತ್ತದೆ. ಹೀಗಾಗಿ ಸೀಸವು ಕ್ಯಾಲ್ಸಿಯಂನ ವೇಷ ತೊಟ್ಟು ಒಳಹೊಗುತ್ತದೆ. ಹೊಕ್ಕ ಮೇಲೆ ಅದು ಕ್ಯಾಲ್ಸಿಯಂನಂತೆ ಬಂದು ಹೋಗುವ ಅತಿಥಿಯಲ್ಲ. ಗಂಧಕವನ್ನು ಕಂಡರೆ ಸೀಸಕ್ಕೆ ಬಲು ಮೋಹ. ಪ್ರೋಟೀನುಗಳಲ್ಲಿ ಗಂಧಕ ಮತ್ತು ಜಲಜನಕ ಜೋಡಿಯಾಗಿರುವ ಕಡೆಗಳಲ್ಲೆಲ್ಲ ಅದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಸುದ್ದಿ ಹೊರಡಬಾರದ ವೇಳೆಯಲ್ಲಿ ಹೊರಡುತ್ತದೆ, ಹೊರಡಬೇಕಾದ ವೇಳೆಯಲ್ಲಿ ನಿಲ್ಲುತ್ತದೆ.

ಎರಡನೆಯ ಹಾನಿ ಬೇರೆ ಬಗೆಯದು. ದೇಹದ ತೂಕದಲ್ಲಿ ಮಿದುಳು ನೂರಕ್ಕೆ ಎರಡು ಭಾಗ ಮಾತ್ರ. ಆದರೆ ನಾವು ಸೇವಿಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಅದೊಂದೇ ಬಳಸುತ್ತದೆ. ಒಲೆ ದೊಡ್ಡದಾದಷ್ಟೂ ಕಿಡಿಗಳು ಹೆಚ್ಚು. ಆಮ್ಲಜನಕದ ಈ ಕಿಡಿಗಳನ್ನು ನಂದಿಸಲು ಕೋಶಗಳಲ್ಲಿ ಗ್ಲುಟಾಥಯೋನ್ ಎಂಬ ಗಂಧಕಯುಕ್ತ ದ್ರವ್ಯವಿದೆ. ಸೀಸ, ಪಾದರಸ, ಕ್ಯಾಡ್ಮಿಯಂಗಳು ಈ ಕಾವಲುಗಾರನನ್ನೇ ಹಿಡಿದು ಕಟ್ಟುತ್ತವೆ. ಆಗ ಕಿಡಿಗಳು ಮಿದುಳಿನ ಕೊಬ್ಬಿಗೆ ತಗುಲಿ ಕೋಶದ ಪೊರೆಗಳು ಕೆಡಲಾರಂಭಿಸುತ್ತವೆ. ವೇಷಧಾರಿಯ ಕೆಲಸ ಒಂದು, ಬೆಂಕಿಯ ಕೆಲಸ ಒಂದು. ಈ ಎರಡನ್ನು ಬೇರೆ ಬೇರೆಯಾಗಿ ನೆನಪಿನಲ್ಲಿಡಬೇಕು. ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಎಷ್ಟು ಸೀಸ ಸಾಕು? ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಅಥವಾ ಹೆಚ್ಚು ಸೀಸ ಕಂಡುಬಂದರೆ ಅದರ ಮೂಲವನ್ನು ಹುಡುಕಿ ತಪ್ಪಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ನಿರಪಾಯ ಎಂದೇನೂ ಅರ್ಥವಲ್ಲ. ಹತ್ತು ವರ್ಷದ ಮಗುವಿನ ದೇಹದಲ್ಲಿ ಎರಡು ಲೀಟರು ರಕ್ತವಿದೆ ಎಂದಿಟ್ಟುಕೊಂಡರೆ, ಅಷ್ಟು ರಕ್ತದಲ್ಲಿರುವ ಒಟ್ಟು ಸೀಸ 100 ಮೈಕ್ರೊಗ್ರಾಂ. ಪುಡಿಯುಪ್ಪಿನ ಒಂದೆರಡು ಹರಳುಗಳ ತೂಕ. ಇಷ್ಟು ಅಲ್ಪವನ್ನು ಅಳೆಯಲು ಬೆಳಕೇ ತಕ್ಕಡಿ. ರಕ್ತದ ಮಾದರಿಯನ್ನು ಬಿಸಿ ಮಾಡಿ ಆವಿಯಾಗಿಸಿ, ಅದರ ಮೂಲಕ 2833 ಆಂಗ್‌ಸ್ಟ್ರಂ ಅಲೆಯುದ್ದದ ಅತಿನೇರಿಳೆ ಬೆಳಕನ್ನು ಹಾಯಿಸುತ್ತಾರೆ. ಆ ಬೆಳಕನ್ನು ಸೀಸದ ಪರಮಾಣುಗಳು ಹೀರುತ್ತವೆ. ಎಷ್ಟು ಬೆಳಕು ಕಳೆಯಿತೆಂಬುದರಿಂದ ಎಷ್ಟು ಸೀಸವಿತ್ತೆಂಬುದು ತಿಳಿಯುತ್ತದೆ.

ನಮ್ಮ ನಾಡಿನಲ್ಲಿ ಇಂತಹ ಅಳತೆ ದೊಡ್ಡ ಪ್ರಮಾಣದಲ್ಲಿ ನಡೆದುದು 1997ರಿಂದ 1999ರವರೆಗೆ. ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನದ ಆಶ್ರಯದಲ್ಲಿ, ಬೆಂಗಳೂರೂ ಸೇರಿದಂತೆ ದೇಶದ ದೊಡ್ಡ ನಗರಗಳಲ್ಲಿ ಸಾವಿರಾರು ಜನರ ರಕ್ತವನ್ನು ಪರೀಕ್ಷಿಸಲಾಯಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸವು ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಮೀರಿತ್ತು. ಈ ಕಾರ್ಯದ ಮುಂದಾಳುಗಳಲ್ಲಿ ಒಬ್ಬರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್. ಸೀಸದ ವಿಷವನ್ನು ಕುರಿತ ರಾಷ್ಟ್ರೀಯ ಕೇಂದ್ರವೊಂದು ಅಲ್ಲಿಯೇ ನೆಲೆಗೊಂಡಿತು. ಆಗ ಪೆಟ್ರೋಲಿಗೆ ಸೀಸವನ್ನು ಬೆರೆಸುತ್ತಿದ್ದರು; 2000ದಲ್ಲಿ ದೇಶದಾದ್ಯಂತ ಅದು ನಿಂತಿತು. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮ 2017ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಆದರೂ 2020ರಲ್ಲಿ ಯುನಿಸೆಫ್ ಪ್ರಕಟಿಸಿದ ವರದಿಯ ಅಂದಾಜಿನಂತೆ, ಭಾರತದಲ್ಲಿ ಸುಮಾರು 27 ಕೋಟಿ 50 ಲಕ್ಷ ಮಕ್ಕಳ ರಕ್ತದಲ್ಲಿ ಸೀಸವು 5 ಮೈಕ್ರೊಗ್ರಾಂ ಮಟ್ಟವನ್ನು ಮೀರಿದೆ. ಹಳೆಯ ಬ್ಯಾಟರಿಗಳನ್ನು ಬಯಲಿನಲ್ಲಿ ಒಡೆದು ಕರಗಿಸುವುದು, ಹಳೆಯ ಗೋಡೆಯಿಂದ ಉದುರುವ ಬಣ್ಣ, ಶುದ್ಧ ತವರಕ್ಕೆ ಬದಲಾಗಿ ಸೀಸ ಬೆರೆತ ತವರದಿಂದ ಹಾಕಿದ ಕಲಾಯಿ—ಇವೆಲ್ಲ ಇನ್ನೂ ಇವೆ. ಕೆಟ್ಟ ಕಲಾಯಿಯ ಪಾತ್ರೆಯಲ್ಲಿ ಹುಣಸೆಹುಳಿ ಕುದಿದರೆ ಸೀಸ ಸಾರಿಗೆ ಇಳಿಯುತ್ತದೆ.

ಇನ್ನು ಸಸ್ಯಗಳ ಕಡೆಗೆ ಬರೋಣ. ಗಿಡಕ್ಕೆ ಓಡಿಹೋಗುವ ಶಕ್ತಿಯಿಲ್ಲ. ಬಿಸಿಲು, ಕೀಟ, ನೆಲದ ಲೋಹ ಎಲ್ಲವನ್ನೂ ನಿಂತಲ್ಲೇ ಎದುರಿಸಬೇಕು. ಅದಕ್ಕಾಗಿ ಅದು ನಾನಾ ಸಂಯುಕ್ತಗಳನ್ನು ತಯಾರಿಸಿಕೊಳ್ಳುತ್ತದೆ. ಅರಿಸಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಅವುಗಳಲ್ಲಿ ಒಂದು. ಈ ಅಣುವಿನ ಎರಡು ತುದಿಗಳಲ್ಲಿ ಇಂಗಾಲದ ಉಂಗುರಗಳಿವೆ. ನಡುವೆ ಎರಡು ಆಮ್ಲಜನಕ ಪರಮಾಣುಗಳು ಒಂದರ ಪಕ್ಕದಲ್ಲಿ ಒಂದು ಮುಖ ಮಾಡಿ ನಿಂತಿವೆ. ಲೋಹದ ಅಯಾನು ಸಮೀಪಕ್ಕೆ ಬಂದರೆ ಈ ಎರಡೂ ಅದನ್ನು ಇಕ್ಕಳದಂತೆ ಹಿಡಿಯುತ್ತವೆ. ಅತ್ತ ತುದಿಯ ಉಂಗುರಗಳು ಆಮ್ಲಜನಕದ ಕಿಡಿಗಳಿಗೆ ತಾವೇ ಜಲಜನಕವನ್ನು ಕೊಟ್ಟು ಅವನ್ನು ಶಾಂತಗೊಳಿಸುತ್ತವೆ. ಎಂದರೆ, ವೇಷಧಾರಿಯನ್ನು ಹಿಡಿಯುವ ಕೈಯೂ ಬೆಂಕಿಯನ್ನು ಆರಿಸುವ ಕೈಯೂ ಒಂದೇ ಅಣುವಿನಲ್ಲಿವೆ. ಕಾಗದದ ಮೇಲೆ ಬರೆದು ನೋಡಿದಾಗ ಇದಕ್ಕಿಂತ ಸೊಗಸಾದ ಪ್ರತಿವಿಷ ಬೇರೊಂದಿಲ್ಲವೆಂದು ತೋರುತ್ತದೆ.

ಪ್ರಯೋಗಶಾಲೆಯಲ್ಲಿಯೂ ಅದು ಸೋತಿಲ್ಲ. ದಕ್ಷಿಣ ಆಫ್ರಿಕದ ರೋಡ್ಸ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕರ್ಕ್ಯುಮಿನ್ ಸೀಸವನ್ನೂ ಕ್ಯಾಡ್ಮಿಯಮನ್ನೂ ಹಿಡಿದು ಇಲಿಯ ಮಿದುಳಿನ ಕೊಬ್ಬು ಕೆಡುವುದನ್ನು ತಗ್ಗಿಸಿತು. ದೆಹಲಿಯಲ್ಲಿ ನೀರುಬ್ರಾಹ್ಮಿಯ ಸಾರವು ಅಲ್ಯುಮಿನಿಯಂ ತಿಂದ ಇಲಿಗಳ ಮಿದುಳನ್ನು ಕಾಪಾಡಿದುದನ್ನು 2006ರಲ್ಲಿ ವರದಿ ಮಾಡಿದರು. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ 2008ರ ಸುಮಾರಿಗೆ ಒಂದೆಲಗದ ಮೇಲೆ ಕೆಲಸ ನಡೆಯಿತು. ಅಲ್ಲಿ ಬಳಸಿದ ವಿಷ ಲೋಹವಲ್ಲ, ಬೇರೆ ರಾಸಾಯನಿಕ. ಆದರೂ ಮರಿ ಇಲಿಗಳ ಮಿದುಳಿನಲ್ಲಿ ಆಮ್ಲಜನಕದ ಕಿಡಿಗಳನ್ನು ಒಂದೆಲಗ ತಡೆಯಿತೆಂಬುದು ಅಲ್ಲಿ ಕಂಡುಬಂದಿತು.

ಇಲ್ಲಿ ಒಂದು ಮಾತು. ಒಂದೆಲಗ ಬೇರೆ, ನೀರುಬ್ರಾಹ್ಮಿ ಬೇರೆ. ಮೊದಲನೆಯದು ಕೊತ್ತಂಬರಿಯ ದೂರದ ನಂಟ; ಎರಡನೆಯದು ಸಣ್ಣ, ದಪ್ಪ, ಕಾಂಡಕ್ಕೆ ಜೋಡಿ ಜೋಡಿಯಾಗಿ ಅಂಟಿದ ಎಲೆಗಳ, ಬೆಳ್ಳಗಿನ ಪುಟ್ಟ ಹೂಗಳ ಜೌಗುಗಿಡ. ಬ್ರಾಹ್ಮಿ ಎಂಬ ಒಂದೇ ಹೆಸರು ಒಂದು ಕಡೆ ಇದಕ್ಕೆ, ಇನ್ನೊಂದು ಕಡೆ ಅದಕ್ಕೆ ಸಲ್ಲುತ್ತದೆ. ಒಂದರ ಮೇಲೆ ನಡೆದ ಪ್ರಯೋಗದ ಕೀರ್ತಿಯನ್ನು ಇನ್ನೊಂದರ ಡಬ್ಬಿಗೆ ಅಂಟಿಸುವುದು ವಿರಳವೇನಲ್ಲ.

ಈ ಪ್ರಯೋಗಗಳೊಳಗೆ ನಮಗೆ ಅತ್ಯಂತ ಬೋಧಪ್ರದವೆಂದು ತೋರಿದುದು ಗ್ವಾಲಿಯರಿನಲ್ಲಿ ನಡೆದು 2006ರಲ್ಲಿ ಪ್ರಕಟವಾದುದು. ಅಲ್ಲಿಯ ರಕ್ಷಣಾ ಸಂಶೋಧನಾಲಯದವರು ಇಲಿಗಳಿಗೆ ಆರ್ಸೆನಿಕ್ಕನ್ನು, ಎಂದರೆ ಪಾಷಾಣವನ್ನು, ಕೊಟ್ಟು ಜೊತೆಗೆ ಒಂದೆಲಗದ ಸಾರವನ್ನೂ ಕೊಟ್ಟರು. ಸಾರ ಕುಡಿದ ಇಲಿಗಳಲ್ಲಿ ಬೆಂಕಿಯ ಹಾನಿ ಸ್ಪಷ್ಟವಾಗಿ ತಗ್ಗಿತು. ಆದರೆ ಅಂಗಾಂಗಗಳಲ್ಲಿ ಸೇರಿದ್ದ ಆರ್ಸೆನಿಕ್ಕನ್ನು ಅಳೆದಾಗ ಅದು ತಗ್ಗಿರಲಿಲ್ಲ. ಒಂದೆಲಗ ಹೊಗೆಯನ್ನು ಆರಿಸಿತು, ಕೆಂಡವನ್ನು ಹೊರಹಾಕಲಿಲ್ಲ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಂತೆ ಕುಡಿಯುವ ನೀರಿನಲ್ಲಿಯೇ ಆರ್ಸೆನಿಕ್ ಕಂಡುಬಂದ ಊರಿನಲ್ಲಿ ಈ ವ್ಯತ್ಯಾಸಕ್ಕೆ ಎಷ್ಟು ಬೆಲೆಯುಂಟೆಂಬುದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಮೊದಲು ಬೇಕಾದುದು ಬೇರೆ ನೀರು.

ಈಗ ಲೆಕ್ಕಕ್ಕೆ ಬರೋಣ. ಇಂತಹ ಪ್ರಯೋಗಗಳಲ್ಲಿ ಇಲಿಯ ತೂಕದ ಒಂದು ಕಿಲೋಗ್ರಾಮಿಗೆ 100 ಮಿಲಿಗ್ರಾಂ ಕರ್ಕ್ಯುಮಿನ್ ಕೊಡುವುದು ಸಾಮಾನ್ಯ. 50 ಕಿಲೋಗ್ರಾಂ ತೂಗುವ ವಿದ್ಯಾರ್ಥಿಗೆ ಇದೇ ಪ್ರಮಾಣದಲ್ಲಿ 5 ಗ್ರಾಂ ಬೇಕು. ಅರಿಸಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಭಾಗ. ಆದುದರಿಂದ ದಿನವೊಂದಕ್ಕೆ ಸುಮಾರು 165 ಗ್ರಾಂ ಅರಿಸಿನ! ಸಣ್ಣ ಪ್ರಾಣಿಗಳ ದೇಹವ್ಯಾಪಾರ ವೇಗವಾಗಿ ಸಾಗುವುದರಿಂದ, ಇಲಿಯ ಪ್ರಮಾಣವನ್ನು ಆರರಿಂದ ಭಾಗಿಸಿ ಮನುಷ್ಯನಿಗೆ ಅನ್ವಯಿಸುವ ವಾಡಿಕೆಯುಂಟು. ಹಾಗೆ ಮಾಡಿದರೂ 27 ಗ್ರಾಮಿಗಿಂತ ಕಡಿಮೆಯಾಗದು. ನಮ್ಮ ಸಾರಿಗೂ ಪಲ್ಯಕ್ಕೂ ಬೀಳುವುದು ತಲೆಗೆ ಒಂದೆರಡು ಗ್ರಾಂ.

ತಿಂದುದೆಲ್ಲ ರಕ್ತಕ್ಕೆ ಸೇರುವುದೇ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಉತ್ತರ ಕೊಟ್ಟವರೂ ಸೇಂಟ್ ಜಾನ್ಸ್ ಕಾಲೇಜಿನವರೇ ಎಂಬುದು ಆಕಸ್ಮಿಕವಾದರೂ ಸಂತೋಷದ ಸಂಗತಿ. ಅಲ್ಲಿಯ ಔಷಧಶಾಸ್ತ್ರ ವಿಭಾಗದವರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರೋಗ್ಯವಂತ ಸ್ವಯಂಸೇವಕರು 2 ಗ್ರಾಂ ಕರ್ಕ್ಯುಮಿನನ್ನು ನುಂಗಿದರು. ರಕ್ತದಲ್ಲಿ ಅದು ಕಂಡೂ ಕಾಣದಷ್ಟಿತ್ತು. ಜೊತೆಗೆ ಮೆಣಸಿನ ಖಾರಕ್ಕೆ ಕಾರಣವಾದ ಪೈಪರೀನನ್ನು 20 ಮಿಲಿಗ್ರಾಂ ಕೊಟ್ಟಾಗ ಅದು ಇಪ್ಪತ್ತು ಪಟ್ಟು ಹೆಚ್ಚಿತು. ಸಾರಿನಲ್ಲಿ ಅರಿಸಿನದ ಜೊತೆಗೆ ಮೆಣಸನ್ನು ಕುಟ್ಟಿ ಹಾಕುವ ಅಡಿಗೆಯವರಿಗೆ ಇದು ಹೊಸತಲ್ಲವೆಂದು ಕೆಲವರು ಹೆಮ್ಮೆಪಡುತ್ತಾರೆ. ಪಡಲಿ, ಆದರೆ ಅತ್ಯಲ್ಪದ ಇಪ್ಪತ್ತು ಪಟ್ಟು ಕೂಡ ಅಲ್ಪವೇ ಎಂಬುದನ್ನು ಗಣಿತ ಬಲ್ಲವರು ಮರೆಯಬಾರದು.

ಮನುಷ್ಯರ ಮೇಲೆಯೇ ಪರೀಕ್ಷಿಸಿದ ನಿದರ್ಶನಗಳಿಲ್ಲವೇ? ಇದೆ, ಬೆಳ್ಳುಳ್ಳಿಯದು. ಇರಾನಿನ ಮಷಾದ್ ನಗರದಲ್ಲಿ ಕಾರಿನ ಬ್ಯಾಟರಿ ತಯಾರಿಸುವ 117 ಮಂದಿ ಕಾರ್ಮಿಕರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೆಳ್ಳುಳ್ಳಿಯ ಗುಳಿಗೆ, ಇನ್ನೊಂದಕ್ಕೆ ಪೆನಿಸಿಲಮೀನ್ ಎಂಬ ಔಷಧವನ್ನು ನಾಲ್ಕು ವಾರ ಕೊಟ್ಟರು. ಬೆಳ್ಳುಳ್ಳಿಯ ಗುಂಪಿನಲ್ಲಿ ಸೀಸವು ಲೀಟರಿಗೆ ಸರಾಸರಿ 426 ಮೈಕ್ರೊಗ್ರಾಮಿನಿಂದ 347ಕ್ಕೆ ಇಳಿಯಿತು. ತಲೆನೋವು ಮೊದಲಾದ ಬಾಧೆಗಳೂ ತಗ್ಗಿದುವು. ಪ್ರಕಟಣೆ 2012ರದು. ಬೆಳ್ಳುಳ್ಳಿಯ ಘಾಟು ಗಂಧಕದ ಸಂಯುಕ್ತಗಳಿಂದ ಬರುವುದೆಂಬುದನ್ನೂ, ಗಂಧಕದ ಮೇಲೆ ಸೀಸಕ್ಕಿರುವ ಮೋಹವನ್ನೂ ನೆನೆದರೆ ಈ ಫಲ ಅಚ್ಚರಿಯದಲ್ಲ. ಗುಂಪು ಚಿಕ್ಕದು, ಕಾಲ ಅಲ್ಪ. ಆದರೂ ಪ್ರಾಮಾಣಿಕವಾದ ಮೊದಲ ಹೆಜ್ಜೆ.

ರಕ್ತದಿಂದ ಸೀಸ ಇಳಿದ ಮಾತ್ರಕ್ಕೆ ಮಿದುಳು ಮೊದಲಿನಂತಾಗುವುದೇ? ಇಲ್ಲಿಯೇ ಕಠಿಣವಾದ ಸತ್ಯವೊಂದಿದೆ. ಅಮೆರಿಕದಲ್ಲಿ 780 ಮಂದಿ ಎಳೆಯ ಮಕ್ಕಳನ್ನು ಆರಿಸಿ, ಕೆಲವರಿಗೆ ಸಕ್ಸಿಮರ್ ಎಂಬ ಸೀಸನಾಶಕ ಔಷಧವನ್ನೂ, ಉಳಿದವರಿಗೆ ಔಷಧವಿಲ್ಲದ ಗುಳಿಗೆಯನ್ನೂ ಕೊಟ್ಟು ಮೂರು ವರ್ಷ ಗಮನಿಸಿದರು. ಫಲ 2001ರಲ್ಲಿ ಪ್ರಕಟವಾಯಿತು. ಔಷಧ ತನ್ನ ಕೆಲಸವನ್ನು ಮಾಡಿತು. ರಕ್ತದ ಸೀಸವನ್ನು ಇಳಿಸಿತು. ಆದರೆ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಬೆಳೆಯುತ್ತಿರುವ ಮಿದುಳಿನಲ್ಲಿ ಒಮ್ಮೆ ತಪ್ಪಾಗಿ ಹೆಣೆದುಕೊಂಡ ಎಳೆಗಳು ಸೀಸ ಹೊರಟುಹೋದ ಮಾತ್ರಕ್ಕೆ ಬಿಚ್ಚಿಕೊಳ್ಳುವುದಿಲ್ಲ. ಹೀಗೆಂದು ವೈದ್ಯವನ್ನು ತಳ್ಳಿಹಾಕುವಂತಿಲ್ಲ. ಸೀಸವು ಡೆಸಿಲೀಟರಿಗೆ 45 ಮೈಕ್ರೊಗ್ರಾಂ ಮುಟ್ಟಿದ ಮಗುವಿಗೆ ಇಂತಹ ಔಷಧಗಳು ಬೇಕೇ ಬೇಕು. ಆ ಕೆಲಸವನ್ನು ಚಟ್ನಿಗೆ ವಹಿಸುವುದು ಅಪಾಯ. ಆದರೆ ನಿಶ್ಚಿತವಾದ ಔಷಧಕ್ಕೇ ಸಾಧ್ಯವಾಗದ ದುರಸ್ತಿಯನ್ನು ಸೊಪ್ಪು ಮಾಡಿಕೊಡುವುದೆಂದು ಯಾರಾದರೂ ಹೇಳಿದರೆ ಎರಡು ಸಲ ಕೇಳಬೇಕು.

ಈ ಕಥೆಯಲ್ಲಿ ವಿಚಿತ್ರವಾದ ತಿರುವೊಂದಿದೆ. ಬಂಗ್ಲಾದೇಶದ ಹಳ್ಳಿಗಳಲ್ಲಿ ಗರ್ಭಿಣಿಯರ ರಕ್ತದಲ್ಲಿ ಸೀಸ ಹೆಚ್ಚಾಗಿ ಕಂಡಿತು, ಸುತ್ತ ಕಾರ್ಖಾನೆಗಳಿರಲಿಲ್ಲ. ಮೂಲವೆಲ್ಲಿ? ಇದನ್ನು ಬಿಡಿಸಿದುದು ಭೌತಶಾಸ್ತ್ರದ ಒಂದು ಉಪಾಯ. ನಿಸರ್ಗದಲ್ಲಿ ಸೀಸದ ನಾಲ್ಕು ಐಸೊಟೋಪುಗಳಿವೆ: 204, 206, 207, 208. ಇವುಗಳಲ್ಲಿ 206 ಮತ್ತು 207 ಯುರೇನಿಯಂ ಕ್ಷಯಿಸಿದಾಗ, 208 ಥೋರಿಯಂ ಕ್ಷಯಿಸಿದಾಗ ಹುಟ್ಟಿ ಸೇರಿಕೊಳ್ಳುತ್ತವೆ. 204 ಮಾತ್ರ ಹಾಗೆ ಹುಟ್ಟುವುದಿಲ್ಲ. ಅದುರು ಯಾವ ಕಾಲದ್ದು, ಯಾವ ಬಂಡೆಯದು ಎಂಬುದನ್ನು ಅನುಸರಿಸಿ ಇವುಗಳ ಪ್ರಮಾಣ ಬೇರೆ ಬೇರೆಯಾಗಿರುತ್ತದೆ. ಹೀಗೆ ಪ್ರತಿ ಗಣಿಯ ಸೀಸಕ್ಕೂ ಒಂದು ಬಗೆಯ ಹೆಬ್ಬೆರಳ ಗುರುತಿದೆ. ಆ ಸ್ತ್ರೀಯರ ರಕ್ತದ ಸೀಸವನ್ನು ಸಂಶಯವಿದ್ದ ಪದಾರ್ಥಗಳ ಸೀಸದೊಡನೆ ಹೋಲಿಸಿದಾಗ ಗುರುತು ಬಿದ್ದುದು ಅರಿಸಿನಕ್ಕೆ. ಮಾಸಲಾದ ಕೊಂಬುಗಳಿಗೆ ಹೊಳಪು ಬರಲೆಂದು ವ್ಯಾಪಾರಿಗಳು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಉಜ್ಜುತ್ತಿದ್ದರು. ಇದು 2019ರಲ್ಲಿ ಪ್ರಕಟವಾಯಿತು. ಸರ್ಕಾರ ಎಚ್ಚೆತ್ತಿತು, ದಂಡ ಬಿದ್ದಿತು, ಪ್ರಚಾರ ನಡೆಯಿತು. ಅದೇ ವರ್ಷ ಮಾರುಕಟ್ಟೆಯ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸವಿತ್ತು. 2021ರಲ್ಲಿ ಒಂದರಲ್ಲಿಯೂ ಇರಲಿಲ್ಲ.

ಸೀಸಕ್ಕೆ ಪ್ರತಿವಿಷವೆಂದು ಪ್ರಯೋಗಶಾಲೆಯಲ್ಲಿ ಹೆಸರು ಮಾಡಿದ ವಸ್ತುವೇ ಅಂಗಡಿಯಲ್ಲಿ ಸೀಸದ ವಾಹನವಾಗಿತ್ತು! ಭಾರತದ ಆಹಾರ ನಿಯಮಗಳಲ್ಲಿಯೂ ಅರಿಸಿನದಲ್ಲಿ ಸೀಸದ ಕ್ರೋಮೇಟ್ ಇರಕೂಡದೆಂದು ಬರೆದಿದೆ. ಕಲಬೆರಕೆಯ ಭಯ ಇಲ್ಲಿಯೂ ಹಳೆಯದೇ. ಔಷಧಗಳ ಮಾತೂ ಅಷ್ಟೆ. ಬಾಸ್ಟನ್ ನಗರದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದೀಯ ತಯಾರಿಕೆಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದು 2004ರಲ್ಲಿ ವರದಿಯಾಯಿತು. ಐದರಲ್ಲಿ ಒಂದು.

ಗಿಡಗಳೂ ಈ ಮಾತಿಗೆ ಹೊರತಲ್ಲ. ನೀರುಬ್ರಾಹ್ಮಿ ಲೋಹಗಳನ್ನು ನೀರಿನಿಂದ ಹೀರಿ ತನ್ನೊಳಗೆ ಕೂಡಿಡುವುದರಲ್ಲಿ ಗಟ್ಟಿಗ. ಕೊಳಕು ನೀರನ್ನು ಶುದ್ಧಿಮಾಡಲು ಅದನ್ನು ಬಳಸಬಹುದೇ ಎಂದು ಲಖ್ನೋದ ರಾಷ್ಟ್ರೀಯ ಸಸ್ಯ ಸಂಶೋಧನಾಲಯದಲ್ಲಿ 1990ರ ದಶಕದಲ್ಲಿಯೇ ಪರೀಕ್ಷೆಗಳು ನಡೆದಿವೆ. ಗಿಡದ ಈ ಗುಣ ಹೊಂಡಕ್ಕೆ ಒಳ್ಳೆಯದು, ಬಾಯಿಗೆ ಕೆಟ್ಟದ್ದು. ಊರೊಂದರಲ್ಲಿ, ಹೆಸರು ಬೇಡ, ರಸ್ತೆ ಬದಿಯ ಬ್ಯಾಟರಿ ದುರಸ್ತಿಯ ಅಂಗಡಿಯ ಹಿಂದೆ ಹರಿಯುವ ಚರಂಡಿಯನ್ನು ನಾವು ನೋಡಿದೆವು. ಬಿಚ್ಚಿದ ಬ್ಯಾಟರಿಯ ಆಮ್ಲವನ್ನು ಅಲ್ಲಿಯೇ ಚೆಲ್ಲುತ್ತಿದ್ದರು. ಹತ್ತು ಮಾರು ದೂರದಲ್ಲಿ ಒಂದೆಲಗ ಸೊಂಪಾಗಿ ಹಬ್ಬಿತ್ತು. ಅದನ್ನು ಕಿತ್ತು ಮಡಿಲಿಗೆ ತುಂಬಿಕೊಳ್ಳುತ್ತಿದ್ದ ಅಜ್ಜಿಯೊಬ್ಬರು, ಮೊಮ್ಮಗಳಿಗೆ ಪರೀಕ್ಷೆಯೆಂದು ತಿಳಿಸಿದರು. ಚರಂಡಿಯನ್ನು ತೋರಿಸಿ, ಇದು ಬೇಡಮ್ಮ, ತೋಟದ ತೊಟ್ಟಿಯ ಹತ್ತಿರದ್ದನ್ನು ಕಿತ್ತುಕೊಳ್ಳಿ ಎಂದೆವು. ತೊಳೆದು ಹಾಕುತ್ತೇನಪ್ಪ ಎಂದರು. ಎಲೆಯ ಮೇಲಿನ ಮಣ್ಣು ತೊಳೆದರೆ ಹೋಗುತ್ತದೆ. ಎಲೆಯೊಳಕ್ಕೆ ಏರಿದುದು ಹೋಗುವುದಿಲ್ಲ. ಇದನ್ನು ವಿವರಿಸುವಷ್ಟರಲ್ಲಿ ಅವರ ಬಸ್ಸು ಬಂದಿತು.

ಹಾಗಾದರೆ ಆಹಾರದಿಂದ ಯಾವ ರಕ್ಷಣೆಯೂ ಇಲ್ಲವೇ? ಉಂಟು, ಮಿದುಳಿನಲ್ಲಿ ಅಲ್ಲ, ಅದಕ್ಕೂ ಮೊದಲು ಕರುಳಿನಲ್ಲಿ. ಕ್ಯಾಲ್ಸಿಯಂನ ವೇಷ ತೊಟ್ಟ ಸೀಸಕ್ಕೆ ಕರುಳಿನ ಬಾಗಿಲಲ್ಲಿ ನಿಜವಾದ ಕ್ಯಾಲ್ಸಿಯಂ ಸ್ಪರ್ಧಿಯಾಗಿ ನಿಂತರೆ, ಒಳಹೊಗುವ ಸೀಸ ಕಡಿಮೆಯಾಗುತ್ತದೆ. ಕಬ್ಬಿಣಕ್ಕೂ ಇದೇ ಮಾತು ಸಲ್ಲುತ್ತದೆ. ರಕ್ತಹೀನತೆಯಿರುವ ಮಗು ಸೀಸವನ್ನು ಹೆಚ್ಚು ಹೀರುತ್ತದೆ. ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಸೀಸ 5 ಮೈಕ್ರೊಗ್ರಾಂ ಅಥವಾ ಹೆಚ್ಚು ಇದ್ದು ಆಹಾರದಲ್ಲಿ ಈ ಎರಡರ ಕೊರತೆಯಿದ್ದರೆ ಅವನ್ನು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿತು. ನಮ್ಮ ಸೀಮೆಯ ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಇದರ ಇಪ್ಪತ್ತನೆಯ ಒಂದು ಪಾಲೂ ಇಲ್ಲ. ಹೊಟ್ಟೆ ತುಂಬಿರುವುದಕ್ಕೂ ಬೆಲೆಯುಂಟು. ವಯಸ್ಕ ಸ್ವಯಂಸೇವಕರ ಮೇಲೆ ನಡೆದ ಪ್ರಯೋಗಗಳಲ್ಲಿ, ಉಪವಾಸವಿದ್ದವರ ಕರುಳು ನುಂಗಿದ ಸೀಸದಲ್ಲಿ ನೂರಕ್ಕೆ ಸುಮಾರು 60 ಭಾಗವನ್ನು ಹೀರಿತು; ಊಟದೊಡನೆ ನುಂಗಿದಾಗ ಹೀರಿದುದು ಹತ್ತು ಭಾಗಕ್ಕೂ ಕಡಿಮೆ. ಬೆಳಿಗ್ಗೆ ಮುದ್ದೆಯನ್ನೋ ರೊಟ್ಟಿಯನ್ನೋ ಉಂಡು, ಕೈ ತೊಳೆದು ಶಾಲೆಗೆ ಹೊರಟ ಹುಡುಗನ ಕರುಳು, ಬರಿಹೊಟ್ಟೆಯಲ್ಲಿ ಬಸ್ಸು ಹಿಡಿದವನ ಕರುಳಿಗಿಂತ ದಾರಿಯ ಧೂಳಿನಲ್ಲಿರುವ ಸೀಸವನ್ನು ಕಡಿಮೆ ಹೀರುತ್ತದೆ.